ಪ್ಯಾಡಲ್ಲಿ 600 ಎಂಎಲ್, ಪರದೆ ಹಿಂದೆ ತುಳು

ನಾನು ಮಂಗಳೂರಲ್ಲಿ ನರ್ಸಿಂಗ್ ಮಕ್ಕಳಿಗೆ ಓಬಿಜಿ, ಅಂದ್ರೆ ಹೆರಿಗೆ ಮತ್ತು ಸ್ತ್ರೀರೋಗದ ವಿಷಯ, ಕಲಿಸೋದು. ನಮ್ಮ ಸ್ಕಿಲ್ ಲ್ಯಾಬಲ್ಲಿ ಹೆರಿಗೆ ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಒಂದು ಉಂಟು, ಸುಮಾರು ವರ್ಷ ಅದು ಪ್ಲಾಸ್ಟಿಕ್ ಕವರಲ್ಲೇ ಮಲಗಿತ್ತು, ಇನ್ಸ್‌ಪೆಕ್ಷನ್ ಬಂದ್ರೆ ಮಾತ್ರ ಅದಕ್ಕೆ ಸ್ನಾನ!

ಪಿಪಿಎಚ್, ಅಂದ್ರೆ ಹೆರಿಗೆ ಆದ ಮೇಲಿನ ಅತಿ ರಕ್ತಸ್ರಾವ, ಎಷ್ಟು ಬ್ಲೀಡಿಂಗ್ ಆದ್ರೆ ಅಂತ ಕೇಳಿದ್ರೆ ಇಡೀ ಕ್ಲಾಸ್ "500 ಎಂಎಲ್ ಮೇಡಂ" ಅಂತದೆ. ಸರಿ, ಆ 500 ಎಂಎಲ್ ಪ್ಯಾಡಲ್ಲಿ, ಬೆಡ್‌ಶೀಟಲ್ಲಿ ಹೇಗೆ ಕಾಣ್ತದೆ? ಮನೆಯಲ್ಲೇ ಕಾರ್ನ್‌ಫ್ಲೋರ್ ತೆಳ್ಳಗೆ ಕಾಯಿಸಿ ಕೆಂಪು ಫುಡ್ ಕಲರ್ ಹಾಕಿ ತಂದೆ, ಅಳೆದು 600 ಎಂಎಲ್, ಸ್ವಲ್ಪ ಪ್ಯಾಡಿಗೆ, ಸ್ವಲ್ಪ ಶೀಟಿಗೆ, ಉಳಿದದ್ದು ಟ್ರೇಗೆ. ನೋಡಿ ಚೀಟಿಯಲ್ಲಿ ಬರೀರಿ ಅಂದೆ. ಹೆಚ್ಚಿನವರು ಬರ್ದದ್ದು 200, 250. ಬಟ್ಟೆ ಕುಡಿದ ರಕ್ತ ಕಣ್ಣಿಗೆ ಕಮ್ಮಿಯೇ ಕಾಣೋದು, ಇನ್ನೊಂದು ಸಲ ಸಹೋದ್ಯೋಗಿ ನನಗೇ ಹೀಗೆ ಇಟ್ಟಾಗ ನಾನೂ 350 ಅಂದವಳೇ. ಮತ್ತೆ ಮಗಳು ಕೇಕಿಗೆ ಅಂತ ತೆಗೊಂಡ ತಕ್ಕಡಿಯಲ್ಲಿ ಒದ್ದೆ ಪ್ಯಾಡ್ ತೂಗಿ, ಒಣ ಪ್ಯಾಡಿನ ತೂಕ ಕಳೆದ್ವಿ, 1 ಗ್ರಾಂ ಅಂದ್ರೆ ಹೆಚ್ಚುಕಮ್ಮಿ 1 ಎಂಎಲ್ ಅಂತ ಲೆಕ್ಕ. ಅಷ್ಟೊತ್ತಿಗೆ ಕ್ಲಾಸ್ ಗಪ್‌ಚಿಪ್.

ಮುಂದಿನ ವಾರ ಸಿನಾರಿಯೋ, ಅಂದ್ರೆ ಪಿಪಿಎಚ್ ಆದ ಬಾಣಂತಿಯನ್ನು ನೋಡಿಕೊಳ್ಳುವ ನಟನೆ. ಮ್ಯಾನಿಕಿನ್ ಮಾತಾಡೋದಿಲ್ಲ ಅಲ್ವಾ, ಅದಕ್ಕೆ ನಮ್ಮ ಅಟೆಂಡರ್ ಅಕ್ಕನನ್ನು ಪರದೆ ಹಿಂದೆ ಕೂರಿಸಿದೆ, ತುಳುವಲ್ಲೇ ಮಾತಾಡಿ ಅಂತ. ನಮ್ಮಲ್ಲಿ ಕೇರಳದ ಮಕ್ಕಳು ತುಂಬಾ, ವಾರ್ಡಲ್ಲಿ ಬರುವ ಬಾಣಂತಿಯರು ಮಾತಾಡೋದು ತುಳು, ಬ್ಯಾರಿ, ಕೊಂಕಣಿ. ಅಕ್ಕ "ಎಂಕ್ ತರೆ ತಿರ್ಗುಂಡು" ಅಂತ ನರಳ್ತಾ ಇದ್ರು, ನಮ್ಮ ಹುಡುಗಿ "ಆಯ್ತು ಅಮ್ಮ, ಆಯ್ತು" ಅಂತ ನೀಟಾಗಿ ಬಿಪಿ ಕಫ್ ಸುತ್ತಿದ್ಳು. ತಲೆ ತಿರುಗ್ತದೆ ಅಂದದ್ದು ಅವಳ ತಲೆಗೆ ಹೋಗ್ಲೇ ಇಲ್ಲ. ಹೊಟ್ಟೆ ಮೇಲೆ ಕೈ ಇಟ್ಟು ಗರ್ಭಕೋಶ ಗಟ್ಟಿ ಉಂಟಾ ಮೆತ್ತಗೆ ಉಂಟಾ (ಮೆತ್ತಗಿದ್ರೆ ಬ್ಲೀಡಿಂಗ್ ನಿಲ್ಲೋದು ಕಷ್ಟ) ನೋಡ್ಲಿಕ್ಕೆ ಎರಡು ನಿಮಿಷ ಹೋಯ್ತು. ಮಸಾಜ್ ಶುರು ಮಾಡಿದ್ರು, ಗರ್ಭಕೋಶ ಗಟ್ಟಿ ಮಾಡುವ ಮದ್ದು ಆಕ್ಸಿಟೋಸಿನ್ ಕೂಡ ನೆನಪಾಯ್ತು, ಆದ್ರೆ ಡಾಕ್ಟರಿಗೆ ಫೋನಲ್ಲಿ "ಬ್ಲೀಡಿಂಗ್ ಆಗ್ತಾ ಉಂಟು, ಬೇಗ ಬನ್ನಿ" ಇಷ್ಟೇ. ಯಾವ ಬೆಡ್, ಎಷ್ಟು ಹೋಗಿದೆ, ಬಿಪಿ ಎಷ್ಟು, ಒಂದೂ ಇಲ್ಲ. ಮ್ಯಾನಿಕಿನ್ ಕಥೆಯೂ ಅಷ್ಟೇ, ಎಷ್ಟು ಮಸಾಜ್ ಮಾಡಿದ್ರೂ ಅದರ ಹೊಟ್ಟೆ ತಾನಾಗಿ ಗಟ್ಟಿ ಆಗುವ ಮಾಡೆಲ್ ಅಲ್ಲ, "ಈಗ ಗಟ್ಟಿ ಆಯ್ತು" ಅಂತ ನಾನೇ ಪಕ್ಕದಲ್ಲಿ ನಿಂತು ಹೇಳ್ಬೇಕು.

ನಾನು ಎಡವಿದ್ದು ಡಿಬ್ರೀಫಿಂಗಲ್ಲಿ, ಅಂದ್ರೆ ಮುಗಿದ ಮೇಲೆ ಕೂತು ಆದದ್ದನ್ನು ಮಾತಾಡುವಾಗ. ಸಿನಾರಿಯೋ ಎಂಟು ನಿಮಿಷ, ಆಮೇಲೆ ಅರ್ಧ ಗಂಟೆ ನಾನೊಬ್ಬಳೇ ತಪ್ಪು ಹುಡುಕಿ ಭಾಷಣ, ಹುಡುಗಿ ಕಣ್ಣೀರು. ಮರುದಿನ ಅವಳನ್ನೇ ಕರೆದು, ಅಕ್ಕ ಹಾಗೆ ಹೇಳ್ವಾಗ ನಿಂಗೆ ಎಂತ ಅನ್ಸಿತು ಅಂತ ಕೇಳಿ ಬಾಯಿ ಮುಚ್ಚಿ ಕೂತೆ. ತುಂಬಾ ಹೊತ್ತು ಬಿಟ್ಟು, "ಅರ್ಥ ಆಗ್ಲಿಲ್ಲ ಮೇಡಂ, ಇನ್ನೊಂದ್ಸಲ ಕೇಳ್ಲಿಕ್ಕೆ ನಾಚಿಕೆ ಆಯ್ತು" ಅಂದ್ಳು. ಇದು ನನ್ನ ಚೆಕ್‌ಲಿಸ್ಟಲ್ಲಿ ಎಲ್ಲೂ ಇರ್ಲಿಲ್ಲ ಮಾರಾಯ್ರೆ.

ಈಗ ಲ್ಯಾಬ್ ಗೋಡೆಯಲ್ಲಿ ಒಂದು ಚಾರ್ಟ್ ಉಂಟು, ಬಂಜಿ ಬೇನೆ (ಹೊಟ್ಟೆ ನೋವು), ನೆತ್ತೆರ್ (ರಕ್ತ), ತರೆ ತಿರ್ಗುನಿ, ಪಕ್ಕದಲ್ಲಿ ಮಲಯಾಳಂ ಅರ್ಥ, ಬರ್ದದ್ದು ಅದೇ ಹುಡುಗಿ. ತಕ್ಕಡಿ ಲ್ಯಾಬಲ್ಲೇ ಉಳೀತು, ಮಗಳು ಇನ್ನೂ ಕೇಳ್ತಾ ಇದ್ದಾಳೆ.