ಲಾರಿಯ ಕ್ಯಾಟಲಿಟಿಕ್ ಕನ್ವರ್ಟರ್: ಗುಜರಿಗೆ ಹಾಕುವ ಮುನ್ನ ಒಳಗೇನಿದೆ ನೋಡಿ

ಅಪಘಾತದಲ್ಲಿ ಜಖಂಗೊಂಡ ಲಾರಿಯೊಂದರ ಹೊಗೆ ಶುದ್ಧಿ ಪೆಟ್ಟಿಗೆಯನ್ನು ಅದರ ಮಾಲೀಕರು ಇಡಿಯಾಗಿ ತಕ್ಕಡಿಗೆ ಏರಿಸಿ, ಬರೀ ಸ್ಟೀಲಿನ ದರಕ್ಕೆ ಕೊಟ್ಟು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಾದ ಸ್ವಲ್ಪ ದಿನಕ್ಕೆ ಮತ್ತೊಬ್ಬರು ಅಷ್ಟೇ ದೊಡ್ಡ ಪೆಟ್ಟಿಗೆ ತಂದರು. ‘ಕಾರಿನ ಕನ್ವರ್ಟರ್‌ಗೇ ಅಷ್ಟು ಸಿಗುತ್ತದೆ, ಇದು ಅದರ ಹತ್ತು ಪಟ್ಟು ಇದೆ’ ಎಂದು ಹತ್ತು ಪಟ್ಟು ದುಡ್ಡು ಕೇಳಿದರು. ಯಾರೂ ಕೊಳ್ಳಲಿಲ್ಲ, ವಾಪಸ್ ಒಯ್ದರು. ಇಬ್ಬರೂ ಮಾಡಿದ ತಪ್ಪು ಒಂದೇ. ಪೆಟ್ಟಿಗೆಯ ಗಾತ್ರ ನೋಡಿದರು, ಒಳಗೆ ಇಣುಕಲಿಲ್ಲ.

ಬೆಲೆ ಇರುವುದು ಕವಚದಲ್ಲಲ್ಲ. ಒಳಗೆ ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ ಇರುತ್ತದೆ. ಅದರ ಸಣ್ಣ ಸಣ್ಣ ಕೊಳವೆಗಳ ಗೋಡೆಗೆ ಬಳಿದ ತೆಳು ಲೇಪದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸೇರಿರುತ್ತವೆ. ಪೆಟ್ರೋಲ್ ಕಾರಿನಲ್ಲಿ ಈ ಮೂರೂ ಸಿಗಬಹುದು. ಡೀಸೆಲ್ ಲಾರಿಯಲ್ಲಿ ರೋಡಿಯಂ ಸಾಮಾನ್ಯವಾಗಿ ಇರುವುದೇ ಇಲ್ಲ. ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದಿರುತ್ತದೆ, ಅಂಥ ಕಡೆ ನೈಟ್ರೋಜನ್ ಆಕ್ಸೈಡ್ ಒಡೆಯುವುದು ರೋಡಿಯಂನಿಂದ ಆಗದ ಕೆಲಸ. ಹಾಗಾಗಿ ಲಾರಿಯಲ್ಲಿ ಅದಕ್ಕೆ ಯೂರಿಯಾ ದ್ರವ ಸಿಂಪಡಿಸುವ ಬೇರೆಯೇ ವ್ಯವಸ್ಥೆ ಇದೆ. ಹಲವು ವರ್ಷಗಳಿಂದ ಮೂರರಲ್ಲಿ ಅತಿ ದುಬಾರಿಯಾಗಿರುವುದು ರೋಡಿಯಂ. ಅದೇ ಇಲ್ಲದ ಮೇಲೆ ಕಾರಿನ ಲೆಕ್ಕವನ್ನು ಲಾರಿಗೆ ಎಳೆಯುವಂತಿಲ್ಲ.

1. ಕಾಗದಪತ್ರ

ವಾಹನದ ನೋಂದಣಿ ರದ್ದಾದ ದಾಖಲೆ, ಚಾಸಿಸ್ ಸಂಖ್ಯೆ, ನಿಮ್ಮ ಗುರುತಿನ ಚೀಟಿ ಒಂದು ಕಡೆ ಇಡಿ. ಕಳವಿನ ಮಾಲು ಹೆಚ್ಚಾಗಿ ಓಡಾಡುವ ವ್ಯಾಪಾರ ಇದು. ದಾಖಲೆ ಕೇಳದೆ ಕೊಳ್ಳುವವರ ಹತ್ತಿರ ಹೋಗಲೇಬೇಡಿ. ಓಡುವ ಗಾಡಿಯಿಂದ ಕನ್ವರ್ಟರ್ ಕಿತ್ತು ಮಾರುವುದು ಬಹಳಷ್ಟು ದೇಶಗಳಲ್ಲಿ ಅಪರಾಧ. ಈ ಲೇಖನ ಅಂಥ ಕೆಲಸಕ್ಕಲ್ಲ.

2. ಇಳಿಸುವುದು

ಪೆಟ್ಟಿಗೆ ಪೂರ್ತಿ ತಣ್ಣಗಾದ ಮೇಲೆ ಬೋಲ್ಟ್ ಬಿಚ್ಚಿ ಇಳಿಸಿ. ನೂರು ಕೆ.ಜಿ. ದಾಟುವ ಪೆಟ್ಟಿಗೆಗಳಿವೆ, ಜಾಕ್ ಇಲ್ಲದೆ ಕೈ ಹಾಕಬೇಡಿ. ನೈಟ್ರೋಜನ್ ಆಕ್ಸೈಡ್ ಸೆನ್ಸರ್, ಒತ್ತಡದ ಸೆನ್ಸರ್, ಯೂರಿಯಾ ಸಿಂಪಡಿಸುವ ನಳಿಕೆ ಇವನ್ನು ಮುರಿಯದೆ ಬಿಚ್ಚಿ ಬೇರೆ ಇಡಿ. ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಬಿಡಿಭಾಗವಾಗಿಯೇ ಮಾರಾಟವಾಗುತ್ತವೆ. ಕವಚದ ಮೇಲೆ ಕೊರೆದ ಸಂಖ್ಯೆ ಮತ್ತು ಲೇಬಲ್ಲನ್ನು ಚೆನ್ನಾಗಿ ಒರೆಸಿ ಫೋಟೊ ತೆಗೆದುಕೊಳ್ಳಿ. ಮುಂದೆ ಅದೇ ನಿಮ್ಮ ಸಾಕ್ಷಿ.

3. ಯಾವ ಇಟ್ಟಿಗೆ ಯಾವುದು?

ಜನ ಎಡವುವುದು ಇಲ್ಲೇ, ಹಾಗಾಗಿ ಈ ಹಂತವನ್ನು ಸಾವಧಾನವಾಗಿ ಓದಿ.

ಅಮೆರಿಕದ 2010ರ ಹೊಗೆ ಮಿತಿಯ ನಿಯಮ, ಯುರೋಪಿನ ಯೂರೊ 6, ಭಾರತದ ಬಿಎಸ್ 6 ಬಂದ ಮೇಲಿನ ಡೀಸೆಲ್ ಲಾರಿಯ ಪೆಟ್ಟಿಗೆಯಲ್ಲಿ ಒಂದೇ ಕನ್ವರ್ಟರ್ ಇರುವುದಿಲ್ಲ. ಮೂರು ನಾಲ್ಕು ಬಗೆಯ ಇಟ್ಟಿಗೆಗಳು ಸಾಲಾಗಿ ಕೂತಿರುತ್ತವೆ. ಎಂಜಿನ್ ಕಡೆಯಿಂದ ಹೊಗೆ ಬರುವ ದಾರಿಯಲ್ಲೇ ಎಣಿಸುತ್ತ ಹೋಗಿ. ಮೊದಲು ಸಿಗುವುದು ಡಿಒಸಿ, ಅಂದರೆ ಡೀಸೆಲ್ ಆಕ್ಸಿಡೇಷನ್ ಕ್ಯಾಟಲಿಸ್ಟ್. ಆಮೇಲೆ ಮಸಿ ಹಿಡಿಯುವ ಡಿಪಿಎಫ್. ಅದರ ನಂತರ ಯೂರಿಯಾ ಸಿಂಪಡಿಸುವ ಜಾಗ, ಅಲ್ಲಿಂದ ಮುಂದೆ ನೈಟ್ರೋಜನ್ ಆಕ್ಸೈಡ್ ಒಡೆಯುವ ಎಸ್‌ಸಿಆರ್ ಇಟ್ಟಿಗೆಗಳು. ಕಟ್ಟಕಡೆಯಲ್ಲಿ ಉಳಿದ ಅಮೋನಿಯಾವನ್ನು ಸುಡುವ ತೆಳುವಾದ ಒಂದು ಪದರ.

ದುಡ್ಡಿರುವುದು ಮುಖ್ಯವಾಗಿ ಡಿಒಸಿಯಲ್ಲಿ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ ಇರುತ್ತವೆ. ಡಿಪಿಎಫ್‌ನಲ್ಲೂ ಇವೆ, ಆದರೆ ಕಡಿಮೆ. ಕೆಲವು ಡಿಪಿಎಫ್‌ಗಳಿಗೆ ಲೇಪವನ್ನೇ ಹಾಕಿರುವುದಿಲ್ಲ. ಪೆಟ್ಟಿಗೆಯ ಬಹುಪಾಲು ಜಾಗ ತಿನ್ನುವ ಎಸ್‌ಸಿಆರ್‌ನಲ್ಲಿ ಅಮೂಲ್ಯ ಲೋಹ ಇಲ್ಲವೇ ಇಲ್ಲ. ಅಲ್ಲಿರುವುದು ವನೇಡಿಯಂ, ಟಂಗ್‌ಸ್ಟನ್, ಟೈಟಾನಿಯಂ, ಇಲ್ಲವೇ ತಾಮ್ರ ಅಥವಾ ಕಬ್ಬಿಣ ಬೆರೆಸಿದ ಜಿಯೋಲೈಟ್ ಎಂಬ ಖನಿಜ. ಕೊನೆಯ ಅಮೋನಿಯಾ ಪದರದಲ್ಲಿ ಒಂದಿಷ್ಟು ಪ್ಲಾಟಿನಂ ಇರುತ್ತದೆ. ಪೆಟ್ಟಿಗೆ ದೊಡ್ಡದಾಗಿದ್ದೂ ಬೆಲೆ ಚಿಕ್ಕದಾಗಿರಲು ಇದೇ ಕಾರಣ.

ಗುರುತು ಹಿಡಿಯಲು ಒಂದು ಟಾರ್ಚ್ ಸಾಕು. ಇಟ್ಟಿಗೆಯ ಒಂದು ಮುಖಕ್ಕೆ ಟಾರ್ಚ್ ಹಿಡಿದು ಇನ್ನೊಂದು ಮುಖದಿಂದ ನೋಡಿ. ಸಾವಿರಾರು ಸೂಜಿಮೊನೆಗಳಂತೆ ಬೆಳಕು ಹಾದು ಬಂದರೆ ಅದು ಡಿಒಸಿ ಅಥವಾ ಎಸ್‌ಸಿಆರ್. ಬೆಳಕೇ ಬಾರದಿದ್ದರೆ ಮುಖವನ್ನು ಹತ್ತಿರದಿಂದ ದಿಟ್ಟಿಸಿ. ಒಂದು ರಂಧ್ರ ತೆರೆದು, ಪಕ್ಕದ್ದು ಮುಚ್ಚಿ, ಅದರ ಪಕ್ಕದ್ದು ಮತ್ತೆ ತೆರೆದು, ಚದುರಂಗದ ಹಾಸಿನಂತೆ ಕಂಡರೆ ಅದು ಡಿಪಿಎಫ್. ಹೊಗೆ ಒಂದು ಕೊಳವೆಯಿಂದ ಪಕ್ಕದ ಕೊಳವೆಗೆ ಗೋಡೆಯ ಮೂಲಕ ಸೋಸಿಕೊಂಡೇ ಹೋಗಬೇಕು ಎಂದು ಹಾಗೆ ಬೆಣೆ ಹೊಡೆದಿರುತ್ತಾರೆ. ತೆರೆದ ಕೊಳವೆಗಳೆಲ್ಲ ಮಸಿಯಿಂದ ಮುಚ್ಚಿಹೋದ ಡಿಒಸಿಯೂ ಬೆಳಕು ಬಿಡುವುದಿಲ್ಲ. ಅದಕ್ಕೇ ಬರೀ ಬೆಳಕು ನಂಬದೆ ಬೆಣೆಗಳನ್ನು ಹುಡುಕಬೇಕು.

ಡಿಒಸಿ ಮತ್ತು ಎಸ್‌ಸಿಆರ್ ನಡುವೆ ತಪ್ಪಾಗುವುದು ಹೆಚ್ಚು. ಬಣ್ಣ ನೋಡಿ ಹೇಳುತ್ತೇವೆ ಎನ್ನುವವರಿದ್ದಾರೆ, ನಾನು ಬಣ್ಣವನ್ನು ನಂಬುವುದಿಲ್ಲ. ವರ್ಷಗಟ್ಟಲೆ ಕಾದ ಇಟ್ಟಿಗೆಗಳೆಲ್ಲ ಒಂದೇ ಕಂದುಬೂದು ಬಣ್ಣಕ್ಕೆ ತಿರುಗುತ್ತವೆ. ಅದು ಪೆಟ್ಟಿಗೆಯಲ್ಲಿ ಎಲ್ಲಿ ಕೂತಿತ್ತು ಎಂಬುದೇ ಗಟ್ಟಿ ಗುರುತು. ಯೂರಿಯಾ ನಳಿಕೆಗಿಂತ ಹಿಂದಿದ್ದರೆ, ಅಂದರೆ ಎಂಜಿನ್ ಕಡೆಗಿದ್ದರೆ, ಡಿಒಸಿ. ನಳಿಕೆಯ ಆಚೆಗಿದ್ದರೆ ಎಸ್‌ಸಿಆರ್. ನಳಿಕೆಯ ಸುತ್ತ ಮತ್ತು ಆಚೆ ಹಲವು ಸಲ ಬಿಳಿ ಹರಳು ಗಟ್ಟಿಕೊಂಡಿರುತ್ತದೆ. ಅದು ಶೇ 32.5 ಯೂರಿಯಾ ಇರುವ ದ್ರವ ಒಣಗಿ ಉಳಿದದ್ದು. ಕಳಚುವಾಗಲೇ ಪ್ರತಿ ಇಟ್ಟಿಗೆಯ ಕವಚದ ಮೇಲೆ ಬಣ್ಣದ ಪೆನ್ನಿನಿಂದ ‘1’, ‘2’, ‘3’ ಎಂದು ಬರೆದು, ಹೊಗೆ ಹರಿದ ದಿಕ್ಕಿಗೆ ಬಾಣ ಹಾಕಿ. ಎಲ್ಲವನ್ನೂ ನೆಲದ ಮೇಲೆ ಹರಡಿದ ಮೇಲೆ ನೆನಪಿಟ್ಟುಕೊಳ್ಳುತ್ತೇನೆ ಎಂದವರು ಯಾರೂ ನೆನಪಿಟ್ಟುಕೊಂಡದ್ದಿಲ್ಲ.

ಡಿಪಿಎಫ್ ಇನ್ನೂ ಒಂದು ಪರೀಕ್ಷೆ ಬೇಡುತ್ತದೆ. ಇಡೀ ಇಟ್ಟಿಗೆ ಒಂದೇ ತುಂಡಾಗಿದ್ದು, ತಿಳಿ ಬಣ್ಣದಲ್ಲಿ, ಗಾತ್ರಕ್ಕೆ ಹಗುರಾಗಿದ್ದರೆ ಹೆಚ್ಚಾಗಿ ಕಾರ್ಡಿಯರೈಟ್ ಎಂಬ ಸೆರಾಮಿಕ್. ಚೌಕದ ಕಂಬಗಳನ್ನು ಗಾರೆಯಿಂದ ಅಂಟಿಸಿ ಜೋಡಿಸಿದಂತೆ ಗೆರೆಗಳು ಕಂಡು, ಗಾಢ ಬೂದು ಬಣ್ಣದಲ್ಲಿ, ಭಾರವಾಗಿದ್ದರೆ ಸಿಲಿಕಾನ್ ಕಾರ್ಬೈಡ್. ಲೋಹ ತೆಗೆಯುವ ಕುಲುಮೆಯಲ್ಲಿ ಕಾರ್ಡಿಯರೈಟ್ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಕಿಟ್ಟವಾಗಿ ಹರಿಯುತ್ತದೆ. ಸಿಲಿಕಾನ್ ಕಾರ್ಬೈಡ್ ಆ ಶಾಖಕ್ಕೆ ಜಗ್ಗುವುದಿಲ್ಲ, ಕಿಟ್ಟವನ್ನೂ ಕೆಡಿಸುತ್ತದೆ. ಹಾಗಾಗಿ ಶುದ್ಧೀಕರಣ ಘಟಕಗಳು ಅದಕ್ಕೆ ಹೆಚ್ಚು ಶುಲ್ಕ ಹಾಕುತ್ತವೆ ಅಥವಾ ಇಂತಿಷ್ಟೇ ಎಂದು ಮಿತಿ ಹೇರುತ್ತವೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಚೀಲಪೂರ್ತಿಗೆ ಕೆಟ್ಟ ದರ ಬೀಳುತ್ತದೆ.

ಬಿರುಕಿಲ್ಲದ, ಅಂಚು ಕರಗದ ಡಿಪಿಎಫ್ ಕೈಗೆ ಬಂದರೆ ಅದನ್ನು ಕರಗಿಸಲು ಕೊಡಲೇಬೇಡಿ. ಮಸಿ ಸುಟ್ಟು, ಬೂದಿ ಊದಿ ಮರುಬಳಕೆಗೆ ಸಿದ್ಧ ಮಾಡುವವರು ಅದನ್ನು ಬಿಡಿಭಾಗವಾಗಿ ಕೊಳ್ಳುತ್ತಾರೆ, ಲೋಹದ ಲೆಕ್ಕಕ್ಕಿಂತ ಹೆಚ್ಚು ಸಿಗುವುದು ಸಾಮಾನ್ಯ. ಮೊದಲು ಅವರನ್ನು ವಿಚಾರಿಸಿ.

ಲಾರಿ ಡೀಸೆಲ್‌ನದಲ್ಲ, ಸಿಎನ್‌ಜಿಯದು ಎಂದಾದರೆ ಮೇಲಿನ ಲೆಕ್ಕ ಪೂರ್ತಿ ತಲೆಕೆಳಗು. ಗಾಳಿ ಮತ್ತು ಇಂಧನ ಎರಡೂ ಮಿಗದಂತೆ ತಕ್ಕ ಪ್ರಮಾಣದಲ್ಲಿ ಬೆರೆಸಿ ಉರಿಸುವ ಸಿಎನ್‌ಜಿ ಎಂಜಿನ್‌ಗೆ ಕಾರಿನಂಥದೇ ಮೂರು ಲೋಹದ ಕನ್ವರ್ಟರ್ ಇರುತ್ತದೆ. ಪಲ್ಲಾಡಿಯಂ ಧಾರಾಳ, ರೋಡಿಯಂ ಕೂಡ ಉಂಟು. ಅದನ್ನು ಡೀಸೆಲ್ ದರಕ್ಕೆ ಬಿಟ್ಟುಕೊಟ್ಟರೆ ನಷ್ಟ ನಿಮ್ಮದೇ. ಇನ್ನು ಮೂಲ ಕಂಪನಿಯದು ಹಾಳಾದಾಗ ಅಗ್ಗಕ್ಕೆ ಹಾಕಿಸಿದ ಬದಲಿ ಕನ್ವರ್ಟರ್‌ಗಳಲ್ಲಿ ಲೋಹ ಹೆಸರಿಗಷ್ಟೇ ಇರುತ್ತದೆ. ಹೊಳೆಯುವ ಕವಚ ನೋಡಿ ಮೋಸಹೋಗಬೇಡಿ.

4. ಕತ್ತರಿಸಬೇಕೇ?

ಬೇಡ. ಗ್ರೈಂಡರ್ ಹಚ್ಚಿ ಕವಚ ಸೀಳುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಲೋಹ ಇರುವುದು ಲೇಪದಲ್ಲಿ, ಲೇಪವೇ ಮೊದಲು ಉದುರುವುದು. ನೆಲದ ಮೇಲೆ ಹಿಟ್ಟಿನಂತೆ ಹರಡಿದ ಆ ತಿಳಿ ಪುಡಿಯನ್ನು ಪೊರಕೆಯಿಂದ ಗುಡಿಸಿ ಹೊರಗೆ ಚೆಲ್ಲುತ್ತಾರೆ. ಚೆಲ್ಲಿದ್ದು ಇಡೀ ಇಟ್ಟಿಗೆಯ ಅತ್ಯಂತ ಬೆಲೆಬಾಳುವ ಭಾಗ. ಉಳಿದದ್ದು ಉಸಿರಿನಲ್ಲಿ ಒಳಗೆ ಹೋಗುತ್ತದೆ. ಇಟ್ಟಿಗೆಯನ್ನು ಸುತ್ತಿದ ಚಾಪೆಯಲ್ಲಿ ಸೆರಾಮಿಕ್ ನಾರು ಇರುತ್ತದೆ, ಎಸ್‌ಸಿಆರ್‌ನಲ್ಲಿ ವಿಷಕಾರಿ ವನೇಡಿಯಂ ಆಕ್ಸೈಡ್ ಇರಬಹುದು. ಒಳಗೆ ಉಳಿದ ಮಸಿ ಡೀಸೆಲ್ ಹೊಗೆಯದು, ಆ ಹೊಗೆಯನ್ನಂತೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲೇ ಕ್ಯಾನ್ಸರ್‌ಕಾರಕ ಎಂದು ಘೋಷಿಸಿದೆ. ಕವಚ ತೆರೆಯಲೇಬೇಕಾದರೆ ಹೈಡ್ರಾಲಿಕ್ ಕತ್ತರಿ ಇರುವವರ ಕೈಯಲ್ಲಿ, ಧೂಳು ಹೀರುವ ಯಂತ್ರದ ಪಕ್ಕದಲ್ಲಿ ಮಾಡಿಸಿ. ಬಟ್ಟೆ ಕಟ್ಟಿಕೊಂಡರೆ ಸಾಲದು, ಸೂಕ್ಷ್ಮ ಧೂಳು ತಡೆಯುವ ಮುಖವಾಡವೇ ಬೇಕು.

ಮನೆಯಲ್ಲೇ ಆಮ್ಲದಲ್ಲಿ ಕರಗಿಸಿ ಪ್ಲಾಟಿನಂ ತೆಗೆಯಬಹುದು ಎಂದು ಕಿಟ್ ಮಾರುವವರಿದ್ದಾರೆ. ದಯವಿಟ್ಟು ಆ ಕಡೆ ತಲೆ ಹಾಕಬೇಡಿ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಕಾಯಿಸಿದಾಗ ಏಳುವ ಕಂದು ಹೊಗೆ ಶ್ವಾಸಕೋಶವನ್ನು ಸುಡುತ್ತದೆ. ಅಲ್ಲಿ ಹುಟ್ಟುವ ಪ್ಲಾಟಿನಂ ಲವಣಗಳು ಜೀವನಪರ್ಯಂತ ಕಾಡುವ ಆಸ್ತಮಾ ತರಬಲ್ಲವು.

5. ಪರೀಕ್ಷೆ: ಯಾವ ತುಂಡನ್ನು ಅಳೆದರು?

ಒಂದೆರಡು ಪೀಸ್ ಇದ್ದರೆ ಕವಚದ ಸಂಖ್ಯೆ ನೋಡಿ ದರ ಹೇಳುವ ವ್ಯಾಪಾರಿಗೆ ಕೊಡಿ, ಸಾಕು. ಮೂವರ ಹತ್ತಿರ ಕೇಳಿ. ಮಾಲು ಹೆಚ್ಚಿದ್ದರೆ ಪರೀಕ್ಷೆಯ ಆಧಾರದ ಮೇಲೇ ಮಾರಬೇಕು. ಆಗ ಗಮನ ಇರಬೇಕಾದದ್ದು ಯಂತ್ರದ ಮೇಲಲ್ಲ, ಮಾದರಿ ತೆಗೆದ ರೀತಿಯ ಮೇಲೆ. ಹಲವು ಇಟ್ಟಿಗೆಗಳಿಗೆ ಮುಂಭಾಗದಲ್ಲಿ ಲೋಹ ಹೆಚ್ಚು, ಹಿಂಭಾಗದಲ್ಲಿ ಕಡಿಮೆ ಬಳಿದಿರುತ್ತಾರೆ. ಹಿಂದಿನ ತುದಿಯಿಂದ ಒಂದು ಚೂರು ಮುರಿದು ಅಳೆದರೆ ನಿಮಗೆ ನಷ್ಟ, ಮುಂದಿನದನ್ನು ಅಳೆದರೆ ಕೊಳ್ಳುವವನಿಗೆ. ಇಡೀ ಇಟ್ಟಿಗೆಯನ್ನು ಮುಚ್ಚಿದ ಗಿರಣಿಯಲ್ಲಿ ಪುಡಿ ಮಾಡಿ, ಚೆನ್ನಾಗಿ ಕಲಸಿ, ಅದರಿಂದ ತೆಗೆದದ್ದು ಮಾತ್ರ ಮಾದರಿ. ಅದನ್ನು ಮೂರು ಪೊಟ್ಟಣ ಮಾಡಿಸಿ ಮೊಹರು ಹಾಕಿಸಿ. ಒಂದು ಅವರಿಗೆ, ಒಂದು ನಿಮಗೆ, ಇನ್ನೊಂದು ತಕರಾರು ಬಂದರೆ ಮೂರನೆಯವರಿಗೆ.

ಎಕ್ಸ್-ರೇ ಹಾಯಿಸಿ ಲೋಹ ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ ತಂದು ಇಟ್ಟಿಗೆಯ ಮುಖಕ್ಕೇ ಹಿಡಿದು ಸಂಖ್ಯೆ ಓದುವವರನ್ನು ತಡೆಯಿರಿ. ಅದು ಮೇಲ್ಮೈಯನ್ನಷ್ಟೇ ನೋಡುತ್ತದೆ. ಚಿನ್ನದ ಅಂಗಡಿಗೆಂದು ಹೊಂದಿಸಿದ ಅಗ್ಗದ ಯಂತ್ರವಾದರೆ ಇನ್ನೂ ಕಷ್ಟ. ಎಸ್‌ಸಿಆರ್‌ನ ಟಂಗ್‌ಸ್ಟನ್, ಎಂಜಿನ್ ಆಯಿಲ್‌ನ ಬೂದಿಯಲ್ಲಿರುವ ಸತು ಇವೆರಡರ ಎಕ್ಸ್-ರೇ ಗೆರೆಗಳು ಪ್ಲಾಟಿನಂ ಗೆರೆಯ ಪಕ್ಕದಲ್ಲೇ ಬೀಳುತ್ತವೆ. ಒಳ್ಳೆಯ ಯಂತ್ರ ಬೇರ್ಪಡಿಸುತ್ತದೆ, ಕೆಟ್ಟದ್ದು ಇಲ್ಲದ ಪ್ಲಾಟಿನಂ ತೋರಿಸಿ ಆಸೆ ಹುಟ್ಟಿಸುತ್ತದೆ. ಆಯಸ್ಕಾಂತ ಇಟ್ಟು ಪರೀಕ್ಷಿಸುವುದಕ್ಕಂತೂ ಅರ್ಥವೇ ಇಲ್ಲ.

6. ಲೆಕ್ಕ

ಫಲಿತಾಂಶ ಬರುವುದು ಪಿಪಿಎಂನಲ್ಲಿ. ಒಂದು ಪಿಪಿಎಂ ಎಂದರೆ ಕೆ.ಜಿ.ಗೆ ಒಂದು ಮಿಲಿಗ್ರಾಂ. 5 ಕೆ.ಜಿ. ಡಿಒಸಿ ಇಟ್ಟಿಗೆಯಲ್ಲಿ 1,000 ಪಿಪಿಎಂ ಇದೆ ಎಂದುಕೊಳ್ಳಿ, ಲೋಹ 5 ಗ್ರಾಂ. ಅದರ ಜೊತೆ 20 ಕೆ.ಜಿ. ಎಸ್‌ಸಿಆರ್ ಬೆರೆಸಿ ಕೊಟ್ಟರೆ 25 ಕೆ.ಜಿ.ಗೆ 200 ಪಿಪಿಎಂ ಆಗುತ್ತದೆ. ಲೋಹ ಆಗಲೂ 5 ಗ್ರಾಮೇ, ಆದರೆ ಸಂಸ್ಕರಣೆಯ ಶುಲ್ಕ ಬೀಳುವುದು 25 ಕೆ.ಜಿ. ಮೇಲೆ. ಗಳಿಕೆಯೆಲ್ಲ ಶುಲ್ಕಕ್ಕೇ ಹೋಗುತ್ತದೆ. ತೂಕ ಹೆಚ್ಚಲಿ ಎಂದು ಮಸಿ, ಬೂದಿ ಉಳಿಸಿಕೊಂಡರೂ, ನೀರಲ್ಲಿ ನೆನೆಸಿದರೂ ಲಾಭವಿಲ್ಲ. ತೇವಾಂಶ ಕಳೆದ ತೂಕವನ್ನೇ ಅವರು ಹಿಡಿಯುತ್ತಾರೆ. ಕೆಲವು ಇಟ್ಟಿಗೆ ಸೆರಾಮಿಕ್ ಆಗಿರದೆ ತೆಳು ಲೋಹದ ಹಾಳೆ ಸುತ್ತಿ ಮಾಡಿದ್ದಾಗಿರುತ್ತದೆ, ಅದನ್ನೂ ಬೇರೆಯೇ ಇಡಿ, ಅದರ ಸಂಸ್ಕರಣೆಯೇ ಬೇರೆ.

ಒಪ್ಪಂದದಲ್ಲಿ ನಾಲ್ಕು ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ. ಪ್ರತಿ ಲೋಹದಲ್ಲಿ ಶೇಕಡಾ ಎಷ್ಟಕ್ಕೆ ಹಣ ಕೊಡುತ್ತೀರಿ? ಕೆ.ಜಿ.ಗೆ ಶುಲ್ಕ ಎಷ್ಟು? ಯಾವ ದಿನದ ದರ? ಹಣ ಯಾವಾಗ? ದರದ ದಿನಾಂಕ ಸಣ್ಣ ವಿಷಯವಲ್ಲ. 2021ರ ಮಾರ್ಚ್‌ನಲ್ಲಿ ದಾಖಲೆ ಏರಿದ ರೋಡಿಯಂ, 2023ರ ಮಧ್ಯದ ಹೊತ್ತಿಗೆ ಐದನೇ ಒಂದಕ್ಕಿಂತ ಕೆಳಗಿಳಿದಿತ್ತು. ಪ್ಲಾಟಿನಂ, ಪಲ್ಲಾಡಿಯಂ ದರ ಲಂಡನ್ನಿನಲ್ಲಿ ಕೆಲಸದ ದಿನಗಳಲ್ಲಿ ಎರಡು ಬಾರಿ ನಿಗದಿಯಾಗುತ್ತದೆ, ಲೆಕ್ಕ ಟ್ರಾಯ್ ಔನ್ಸಿನಲ್ಲಿ, ಒಂದಕ್ಕೆ 31.1 ಗ್ರಾಂ. ಅಡುಗೆಮನೆಯ ಔನ್ಸ್ 28.35 ಗ್ರಾಂ. ಇವೆರಡನ್ನು ಅದಲುಬದಲು ಮಾಡಿದರೆ ಲೆಕ್ಕ ಶೇ 10ರಷ್ಟು ತಪ್ಪುತ್ತದೆ. ದರ ಏರುತ್ತದೆಂದು ವರ್ಷಗಟ್ಟಲೆ ಮೂಲೆಯಲ್ಲಿಡುವುದು ನನಗೆ ಒಪ್ಪಿಗೆಯಿಲ್ಲ. ಮಾಲು ಕೈಗೆ ಬಂದಾಗ ಮಾರಿ.

ಇಟ್ಟಿಗೆ ಹೋದ ಮೇಲೆ ಖಾಲಿ ಕವಚ ಉಳಿಯುತ್ತದೆ. ಅದು ಆಯಸ್ಕಾಂತಕ್ಕೆ ಅಂಟುವುದನ್ನು ತೋರಿಸಿ ಮಾಮೂಲಿ ಕಬ್ಬಿಣ ಎನ್ನುತ್ತಾರೆ. ಒಪ್ಪಬೇಡಿ. ಹೊಗೆ ಪೆಟ್ಟಿಗೆಗೆ ಹೆಚ್ಚಾಗಿ ಬಳಸುವುದು ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲ್. ಶೇ 11ರಿಂದ 18ರವರೆಗೆ ಕ್ರೋಮಿಯಂ ಇದ್ದೂ ಅದು ಆಯಸ್ಕಾಂತಕ್ಕೆ ಅಂಟುತ್ತದೆ, ಕಬ್ಬಿಣಕ್ಕಿಂತ ಮೇಲಿನ ದರ್ಜೆಯಲ್ಲೇ ಮಾರಾಟವಾಗಬೇಕು.