ಗ್ರಾಫಿಕ್ಸ್ ಕಾರ್ಡಿಗೆ ತಕ್ಕ ಪವರ್ ಸಪ್ಲೈ: ಕಡಿಮೆ ಬೆಲೆಯಲ್ಲಿ ಆರಿಸುವ ಬಗೆ

ಮೈಸೂರಿನ ಅಂಗಡಿಗಳಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ವಿಚಾರಿಸುವವರು ಪವರ್ ಸಪ್ಲೈಯನ್ನು (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಹಂಚುವ ಘಟಕವನ್ನು) ಕೊನೆಗೆ, ಉಳಿದ ಹಣದಲ್ಲಿ ಕೊಳ್ಳುತ್ತಾರೆ. ಈ ಕ್ರಮ ತಿರುಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾರ್ಡಿನ ಬೇಡಿಕೆಯನ್ನು ತಿಳಿಯಿರಿ. ಉದಾಹರಣೆಗೆ, ಆರ್‌ಟಿಎಕ್ಸ್ 3060 ಕಾರ್ಡ್ 170 ವಾಟ್ ಬಳಸುತ್ತದೆ, ಅದಿರುವ ಇಡೀ ಕಂಪ್ಯೂಟರಿಗೆ ತಯಾರಕರು ಸೂಚಿಸುವುದು 550 ವಾಟ್ ಸಪ್ಲೈ. ಮದರ್‌ಬೋರ್ಡಿನ ಸ್ಲಾಟ್ 75 ವಾಟ್ ಮಾತ್ರ ಕೊಡುವುದರಿಂದ, ಇಂಥ ಕಾರ್ಡಿಗೆ ಉಳಿದದ್ದು 6 ಪಿನ್ನಿನ (75 ವಾಟ್) ಅಥವಾ 8 ಪಿನ್ನಿನ (150 ವಾಟ್) ಕೇಬಲ್ಲಿನ ಮೂಲಕವೇ ಬರಬೇಕು. ಆ ಕೇಬಲ್ ಸಪ್ಲೈಯಲ್ಲೇ ಇರಲಿ. ಹಳೆಯ ಮೋಲೆಕ್ಸ್ (4 ಪಿನ್ನಿನ) ತಂತಿಗೆ ಅಡಾಪ್ಟರ್ ಸಿಕ್ಕಿಸಿದರೆ ಕನೆಕ್ಟರ್ ಕಾದು ಕರಗುವ ಅಪಾಯವಿದೆ.

ಡಬ್ಬಿಯ ಮೇಲಿನ ದೊಡ್ಡ ಅಂಕಿಗಿಂತ ಪಕ್ಕದ ಲೇಬಲ್ಲನ್ನು ಓದುವುದು ಮುಖ್ಯ. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಹೆಚ್ಚಾಗಿ ಸಪ್ಲೈಯ 12 ವೋಲ್ಟಿನ ಸಾಲನ್ನೇ (12 ವೋಲ್ಟ್ ವಿದ್ಯುತ್ ಬರುವ ಹಾದಿಯನ್ನೇ) ಅವಲಂಬಿಸಿರುವುದರಿಂದ, ಆ ಸಾಲಿನ ಆಂಪಿಯರನ್ನು 12ರಿಂದ ಗುಣಿಸಿ: 45 ಆಂಪಿಯರ್ ಇದ್ದರೆ 540 ವಾಟ್, 25 ಮಾತ್ರ ಇದ್ದರೆ 300 ವಾಟ್, ಹೊರಗೆ ಏನೇ ಬರೆದಿರಲಿ.

80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಪ್ರಮಾಣಪತ್ರದ ಗುರುತು ಅರ್ಧ ಹೊರೆಯಲ್ಲಿ ಶೇ. 85ರ ದಕ್ಷತೆಯನ್ನು ಹೇಳುತ್ತದೆಯೇ ಹೊರತು ಬಾಳಿಕೆಯನ್ನಲ್ಲ. ಮಂಡ್ಯದ ಹಳ್ಳಿಗಳಂತೆ ವೋಲ್ಟೇಜ್ ಏರಿಳಿಯುವ ಕಡೆ ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಹಾಗೂ ವಿಶಾಲ ಇನ್‌ಪುಟ್ ವ್ಯಾಪ್ತಿ ಇರುವುದನ್ನೇ ಆರಿಸಿ, ವಾರಂಟಿ ಬಿಲ್ಲನ್ನು ಜೋಪಾನವಾಗಿಡಿ.