ಎರಡನೆಯವರು ಬರಲಿಲ್ಲ

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ವಾಚ್ ರಿಪೇರಿ ಅಂಗಡಿ. ಮೊಬೈಲ್ ಬಂದ ಮೇಲೆ ಗಿರಾಕಿ ಇಳಿಯಿತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ ಸುದ್ದಿ ಬಂದದ್ದೇ, ಹಳೇ ಎಚ್‌ಎಂಟಿ ಕೇಳುವವರು ಹೆಚ್ಚಿದರು. ಕೊಂಡು, ಸರ್ವಿಸ್ ಮಾಡಿ, ಆನ್‌ಲೈನಲ್ಲಿ ಮಾರತೊಡಗಿದೆ. ಆಗ ಇಬೇ ಇಂಡಿಯಾ ಅನ್ನೋ ಮಾರಾಟದ ಜಾಲತಾಣ ಇತ್ತು. 2018ರಲ್ಲಿ ಅದೂ ಮುಚ್ಚಿತು.

ಮೊದಮೊದಲು ಎಲ್ಲವನ್ನೂ ಹರಾಜಿಗೇ ಹಾಕುತ್ತಿದ್ದೆ. ಅಪ್ಪನ ಜೊತೆ ಅರಸೀಕೆರೆಗೆ ಕೊಬ್ಬರಿ ಒಯ್ದವನು ನಾನು. ಹರಾಜೆಂದರೆ ಬೆಲೆ ಏರಲೇಬೇಕು ಅನ್ನೋ ನಂಬಿಕೆ. ಎಚ್‌ಎಂಟಿಯ ಕಪ್ಪು ಡಯಲಿನ ಪೈಲಟ್ ವಾಚ್ ಒಂದನ್ನು 500 ರೂಪಾಯಿಯಿಂದ ಏಳು ದಿನಕ್ಕೆ ಬಿಟ್ಟೆ. 1,150ಕ್ಕೆ ಹೋಯಿತು. ಗೆದ್ದ ಮಂಗಳೂರಿನವರು ಪಾರ್ಸೆಲ್ ತಲುಪಿದ ದಿನ ಫೋನ್ ಮಾಡಿ, "ನಾನು ಮೂರು ಸಾವಿರ ಹಾಕಿಟ್ಟಿದ್ದೆ ಮಾರಾಯ್ರೆ!" ಅಂದರು. ಖುಷಿಯಲ್ಲೇ ಹೇಳಿದರು, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇಬೇ ಹರಾಜಿನಲ್ಲಿ ನಿಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಬರೆದಿಡಬಹುದು. ಎರಡನೆಯವರು ನಿಂತಲ್ಲಿಂದ ಒಂದೇ ಮೆಟ್ಟಿಲು ಮೇಲಕ್ಕೆ ಬೆಲೆ ನಿಲ್ಲುತ್ತದೆ. ನನ್ನ ವಾಚಿಗೆ ಬೆಲೆ ಕಟ್ಟಿದ್ದು ಸೋತವರು.

ಎಲ್ಲೆಡೆ ಸಿಗುವ ಎಚ್‌ಎಂಟಿ ಜನತಾ ವಾಚಿಗಂತೂ ಹರಾಜು ದಂಡ. ಹತ್ತು ಜನ ಮಾರುತ್ತಿರುವಾಗ ಏಳು ದಿನ ಯಾರು ಕಾಯುತ್ತಾರೆ? ಕೊಂಡ ಬೆಲೆ, ಬೆಲ್ಟು, ಸ್ಪೀಡ್ ಪೋಸ್ಟ್, ಕಮಿಷನ್, ನನ್ನ ಕೂಲಿ ಕೂಡಿಸಿ ಒಂದೇ ರೇಟು ಬರೆದುಬಿಡುತ್ತೇನೆ. ಎರಡು ತಿಂಗಳು ಕೂತರೆ ಕೂರಲಿ, ಟೊಮೆಟೊ ಏನಲ್ಲವಲ್ಲ.

ಹಾಗಂತ ಒಂದೇ ರೇಟು ಹಿಡಿದು ಕೆಟ್ಟದ್ದೂ ಉಂಟು. ಸಕಲೇಶಪುರದ ತೋಟದ ಮನೆಯೊಂದರಿಂದ ಬಂದ ಡಬ್ಬಿಯಲ್ಲಿ ಬ್ರೈಲ್ ವಾಚ್ ಸಿಕ್ಕಿತು. ಗಾಜಿನ ಮುಚ್ಚಳ ಎತ್ತಿ, ಮುಳ್ಳುಗಳನ್ನು ಬೆರಳಲ್ಲಿ ಸವರಿ ಗಂಟೆ ತಿಳಿಯುವಂಥದ್ದು. ಕಣ್ಣು ಮುಚ್ಚಿಕೊಂಡು ನಾನೂ ಸವರಿದೆ. ಹತ್ತೂಕಾಲು, ಸರಿಯಾಗೇ ಇತ್ತು. 2,500 ಅಂತ ಹಾಕಿದೆ. ಲೋಟದ ಕಾಫಿ ಆರುವ ಮೊದಲೇ ಮಾರಾಟ. ಅದಾದ ಮೇಲೂ ಮೂವರು ಕೇಳಿದರು, ಒಬ್ಬರು ದುಪ್ಪಟ್ಟು ಕೊಡ್ತೀನಿ ಅಂದರು. ಹರಾಜಿಗೆ ಹಾಕಬೇಕಿದ್ದದ್ದು ಅದನ್ನು.

ಈಗ ಮೊದಲು ರೇಟು ಬರೆಯದೆ ಫೋಟೊ ಮಾತ್ರ ಹಾಕುತ್ತೇನೆ. ಡಯಲಿಗೆ ಮತ್ತೆ ಬಣ್ಣ ಹೊಡೆದಿದ್ದರೆ ಅದನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ವಾಪಸ್ ಬರೋದು ಖಂಡಿತ. ಇಬ್ಬರಾದರೂ ಪಟ್ಟು ಹಿಡಿದು ಕೇಳಿದರೆ ಹರಾಜು, ಭಾನುವಾರ ರಾತ್ರಿ ಒಂಬತ್ತಕ್ಕೆ ಮುಗಿಯುವ ಹಾಗೆ.

ಮೊನ್ನೆ ಇನ್ನೊಂದು ಪೈಲಟ್ ಬಂತು. ಕೇಳಿದವರು ಒಬ್ಬರೇ. 3,200 ಅಂತ ಬರೆದು ಹಾಕಿದ್ದೇನೆ.